ರಥಕ್ಷೋಭ

ನಮ್ಮ ಕೋಟುಮಚಗಿಯ ಎರೆಯ ಹೊಲಗಳಲ್ಲಿ ಎತ್ತಿನ ಕೊರಳಗಂಟೆಯ ನಾದವು ವಿರಳವಾಗಿ, ಟ್ರ್ಯಾಕ್ಟರಿನ ಘೋಷವು ಹೆಚ್ಚಿದೆ. ರಂಟೆಯ ಹಿಂದೆ ದಿನವೆಲ್ಲ ನಡೆಯುವ ಕ್ಲೇಶವು ಒಕ್ಕಲಿಗನಿಗೆ ತಪ್ಪಿದುದು ಸಂತೋಷದ ಸಂಗತಿಯೇ ಸರಿ. ಆದರೆ ನಮ್ಮಲ್ಲಿ ಅಕ್ಷರ ಕಲಿತ ಹುಡುಗರು ಮೂವತ್ತು ತುಂಬುವ ಮೊದಲೇ ಟ್ರ್ಯಾಕ್ಟರಿನಿಂದಿಳಿದು ಸೊಂಟ ಹಿಡಿದು ನಿಲ್ಲುವುದನ್ನು ಕಂಡಾಗ, ಕುಳಿತು ಮಾಡುವ ಕೆಲಸದಲ್ಲಿ ಈ ನೋವೆಲ್ಲಿಂದ ಬಂದಿತೆಂಬ ಶಂಕೆಯು ನಮ್ಮನ್ನು ಬಾಧಿಸುತ್ತದೆ.

ಇದಕ್ಕೆ ಉತ್ತರವು ಬಹು ಹಳೆಯದು. ಪಂಚಕರ್ಮ ಚಿಕಿತ್ಸೆ ಪಡೆದವನು ವರ್ಜಿಸತಕ್ಕ ಎಂಟು ಸಂಗತಿಗಳಲ್ಲಿ ‘ರಥಕ್ಷೋಭ’ವನ್ನು, ಎಂದರೆ ವಾಹನದ ಕುಲುಕಾಟವನ್ನು, ಚರಕಸಂಹಿತೆಯ ಸಿದ್ಧಿಸ್ಥಾನವು ಎಣಿಸಿದೆ. ಅದರಿಂದ ಕೀಲುಗಳು ಸಡಿಲವಾಗಿ, ಸೊಂಟ ಬೆನ್ನುಗಳಲ್ಲಿ ವೇದನೆಯುಂಟಾಗುವುದೆಂದೂ ಹೇಳಿದೆ.

ಇಂದಿನ ಶಾಸ್ತ್ರಜ್ಞರು ಆಸನದ ಮೇಲೆ ಮಾಪಕವನ್ನಿಟ್ಟು ಇದೇ ಕಂಪನವನ್ನು ಅಳೆಯುತ್ತಾರೆ. ಕುಳಿತ ಮನುಷ್ಯನ ದೇಹವು ಸೆಕೆಂಡಿಗೆ ಸುಮಾರು 4ರಿಂದ 8 ಸಲ ಮೇಲೆ ಕೆಳಗೆ ಅಲುಗುವ ಕಂಪನಕ್ಕೆ ಅತ್ಯಧಿಕವಾಗಿ ಈಡಾಗುತ್ತದೆ. ಜೋಕಾಲಿಯನ್ನು ಲಯವರಿತು ನೂಕಿದಂತೆ, ಆಗ ಹೊರಗಿನ ಕುಲುಕಾಟವು ಒಳಗೆ ಇಮ್ಮಡಿಸುತ್ತದೆ. ಹೆಂಟೆ ತುಂಬಿದ ಹೊಲದಲ್ಲಿ ಟ್ರ್ಯಾಕ್ಟರಿನ ಕಂಪನವು ಬಹುಮಟ್ಟಿಗೆ ಈ ಲಯಕ್ಕೆ ಸಮೀಪವಾಗಿರುತ್ತದೆ. ಇದರಿಂದ ದೃಷ್ಟಿಯು ಮಸುಕಾಗಿ, ಕೈಯ ಹತೋಟಿ ಕುಂದಿ, ಕೆಲಸ ಕೆಡುತ್ತದೆ. ಬೆನ್ನಿನ ಸ್ನಾಯುಗಳು ಬಳಲುತ್ತವೆ. ವರ್ಷಗಟ್ಟಲೆ ಹೀಗೆಯೇ ನಡೆದರೆ ಬೆನ್ನೆಲುಬಿನ ಮಣಿಗಳ ನಡುವಣ ಮೆತ್ತೆಗಳಿಗೂ ಕೇಡು ತಟ್ಟುವ ಭಯವುಂಟು.

ಯುರೋಪಿನ ರಾಷ್ಟ್ರಗಳ ಒಕ್ಕೂಟವು 2002ರಲ್ಲಿ ಇದಕ್ಕೆ ಮಿತಿ ವಿಧಿಸಿತು. ಎಂಟು ತಾಸಿನ ದುಡಿಮೆಗೆ ಕಂಪನದ ಅಳತೆಯು 0.5 ಮೀರಿದರೆ ಒಡೆಯನು ಪರಿಹಾರವನ್ನು ಹುಡುಕಬೇಕು, 1.15ನ್ನು ಮೀರಲೇ ಕೂಡದು. ಇಲ್ಲಿ ಗಮನಿಸತಕ್ಕುದೇನೆಂದರೆ, ಹೊಣೆಯು ಒಡೆಯನದು, ಸಹಿಸುವ ಆಳಿನದಲ್ಲ.

“ರೂಢಿಯಾಗಿದೆ ಬಿಡಿರಿ, ಮಾಸ್ತರರೇ” ಎಂದು ಹುಡುಗರು ನಗುತ್ತಾರೆ. ರೂಢಿಯಾದುದು ಮನಸ್ಸಿಗೆ, ಎಲುಬಿಗಲ್ಲ. ಯಂತ್ರದ ಸವೆದ ಭಾಗವು ಗದಗಿನ ಪೇಟೆಯಲ್ಲಿ ದೊರೆತೀತು, ಬೆನ್ನೆಲುಬು ದೊರೆಯದು.

ಆದುದರಿಂದ ಗೃಹಸ್ಥರಾದ ವಾಚಕರು ಉತ್ತ ಎಕರೆಗಳನ್ನೆಣಿಸುವಂತೆ ಕುಳಿತ ತಾಸುಗಳನ್ನೂ ಎಣಿಸಲಿ. ಆಸನದ ಸ್ಪ್ರಿಂಗು ಕೆಟ್ಟಿದ್ದರೆ ಬಿತ್ತನೆಗೆ ಮೊದಲೇ ಸರಿಪಡಿಸಲಿ. ಒರಟು ನೆಲದಲ್ಲಿ ವೇಗವನ್ನು ತಗ್ಗಿಸುವಂತೆ ಹೇಳಲಿ. ನಡುನಡುವೆ ವಿಶ್ರಾಂತಿ ಕೊಡಲಿ. ಇಳಿದೊಡನೆ ಕಾಳಿನ ಚೀಲವನ್ನು ಹೊರಿಸದೆ, ಬಳಲಿದ ಬೆನ್ನು ಚೇತರಿಸಿಕೊಳ್ಳುವಂತೆ ಹುಡುಗನನ್ನು ನಾಲ್ಕು ಹೆಜ್ಜೆ ನಡೆಯಲು ಬಿಡಲಿ.