ಚೌಕಗಳ ಆಟ, ಚೌಕಗಳ ಸೀರೆ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ. ಬಾಗಲಕೋಟೆ ಜಿಲ್ಲೆಯ ಈ ಊರುಗಳನ್ನು ಹೊರಗಿನವರು ಕಬ್ಬು, ಬೆಲ್ಲ, ಬೇಟೆನಾಯಿ ಹಾಗೂ ಸೀರೆಗಳಿಂದ ಗುರುತಿಸುತ್ತಾರೆ. ಇವುಗಳಿಗೂ ವಿಡಿಯೋ ಗೇಮಿಗೂ ಏನು ಸಂಬಂಧ ಎಂದು ಓದುಗರು ಹುಬ್ಬೇರಿಸಬಹುದು. ಆದರೆ 1990ರ ದಶಕದಲ್ಲಿ ಇಲ್ಲಿ ಶಾಲೆ ಕಲಿತವರ ಮುಂದೆ 'ಕಾಂಟ್ರಾ' ಎಂಬ ಒಂದು ಹೆಸರು ತೆಗೆದು ನೋಡಿ. ನಲವತ್ತು ದಾಟಿದ ಗೃಹಸ್ಥರ ಮುಖದಲ್ಲಿ ಹನ್ನೆರಡರ ಹುಡುಗ ಇಣುಕುತ್ತಾನೆ. ಅಂದು ನನ್ನ ತರಗತಿಯಲ್ಲಿ ಕುಳಿತವರು ಇಂದು ಪಾಲಕರ ಸಭೆಗೆ ಬರುತ್ತಾರೆ. ಮಗನ ಅಂಕಗಳ ಮಾತು ಮುಗಿದ ಮೇಲೆ ಒಬ್ಬರು ಮೆಲ್ಲಗೆ ಕೇಳಿದರು: "ಸರ್, ಆ ಕ್ಯಾಸೆಟ್ಟಿನ ಆಟ ಈಗ ಎಲ್ಲಾದ್ರೂ ಸಿಗ್ತಾವೇನ್ರಿ?"

ಆ ಪ್ರಶ್ನೆಯನ್ನು ಜೊತೆಗಿಟ್ಟುಕೊಂಡು ಈ ನಾಲ್ಕು ಊರುಗಳನ್ನು ಸುತ್ತಿ ಬರೋಣ.

ಬೆಂಚಿನ ಮೇಲಿನ ಕಾಳಗ

ಜಮಖಂಡಿ ಪಟವರ್ಧನ ಮನೆತನದ ಸಂಸ್ಥಾನವಾಗಿತ್ತು. 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ರಾಮತೀರ್ಥದ ಅರಮನೆಯನ್ನು ನೋಡಲು ಪ್ರವಾಸಿಗರು ಬರುತ್ತಾರೆ. ಆದರೆ ಆ ಕಾಲದ ಹುಡುಗರ ಅರಮನೆ ಪೇಟೆಯ ಓಣಿಯೊಳಗಿತ್ತು: ಒಂದು ಟಿ.ವಿ., ಒಂದು ಬೆಂಚು, ತಾಸಿನ ಲೆಕ್ಕದ ಬಾಡಿಗೆ. ಆಡುವವರು ಇಬ್ಬರು, ಹಿಂದೆ ನಿಂತು ಸಲಹೆ ಕೊಡುವವರು ಹತ್ತು ಮಂದಿ.

ಆ ಪೆಟ್ಟಿಗೆಯ ಮೂಲ ಜಪಾನ್. ನಿಂಟೆಂಡೊ ಕಂಪನಿ 1983ರ ಜುಲೈ 15ರಂದು 'ಫ್ಯಾಮಿಕಾಮ್' ಎಂಬ ಆಟದ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಅದರ ಅಗ್ಗದ ನಕಲುಗಳು ಬಗೆಬಗೆಯ ಹೆಸರು ಹೊತ್ತು ನಮ್ಮ ದೇಶದ ಸಣ್ಣ ಊರುಗಳನ್ನೂ ತಲುಪಿದವು. 'ಕಾಂಟ್ರಾ' ಆಟದಲ್ಲಿ ಎಂಟು ಹಂತಗಳು. ಮೂರನೆಯದು ಜಲಪಾತ. ಅಲ್ಲಿ ಒಬ್ಬ ಅವಸರದಿಂದ ಮೇಲೇರಿದರೆ ಪರದೆಯೂ ಮೇಲೆ ಸರಿದು, ಹಿಂದುಳಿದ ಗೆಳೆಯ ಸಾಯುತ್ತಿದ್ದ. ಇಬ್ಬರೂ ಕೂಡಿಯೇ ಹತ್ತಬೇಕು. ಈ ಪಾಠವನ್ನು ಯಾವ ಮೇಷ್ಟರೂ ಅಷ್ಟು ಚೆನ್ನಾಗಿ ಕಲಿಸಿರಲಾರರು.

'ಮೇಲೆ, ಮೇಲೆ, ಕೆಳಗೆ, ಕೆಳಗೆ, ಎಡ, ಬಲ, ಎಡ, ಬಲ, ಬಿ, ಎ' ಎಂಬ ಮಂತ್ರವೂ ಆ ಬೆಂಚಿನದೇ. ಹೀಗೆ ಗುಂಡಿ ಒತ್ತಿದರೆ 'ಕಾಂಟ್ರಾ'ದಲ್ಲಿ ಮೂವತ್ತು ಜೀವ ಸಿಗುತ್ತಿದ್ದವು. ಕೊನಾಮಿ ಕಂಪನಿಯ ಕಜುಹಿಸಾ ಹಾಶಿಮೊಟೊ 1986ರಲ್ಲಿ 'ಗ್ರೇಡಿಯಸ್' ಎಂಬ ಬೇರೊಂದು ಆಟವನ್ನು ಪರೀಕ್ಷಿಸುವಾಗ, ಅದು ತಮಗೇ ಕಷ್ಟವಾದ್ದರಿಂದ ಮಾಡಿಕೊಂಡ ಒಳದಾರಿ ಇದು. ಜಪಾನಿನ ಈ ಗುಟ್ಟು ಇಂಟರ್ನೆಟ್ಟಿನ ಹಂಗಿಲ್ಲದೆ ಬಾಯಿಂದ ಬಾಯಿಗೆ ಹರಡಿತು.

ನಗುವ ನಾಯಿ, ಓಡುವ ನಾಯಿ

ಇನ್ನು ಘಟಪ್ರಭೆಯ ದಂಡೆಯ ಮುಧೋಳ. ಕವಿ ರನ್ನನ ಊರು. ಬೇಟೆನಾಯಿಯ ಊರೂ ಹೌದು. ಮುಧೋಳ ನಾಯಿಯ ಚಿತ್ರವಿರುವ ಅಂಚೆ ಚೀಟಿ 2005ರಲ್ಲಿ ಬಂತು. ಇಂಥ ಊರಿನ ಹುಡುಗರಿಗೆ 'ಡಕ್ ಹಂಟ್' ಎಂಬ ಬಾತುಕೋಳಿ ಬೇಟೆಯ ಆಟದ ನಾಯಿಯನ್ನು ಕಂಡರೆ ಸಿಟ್ಟು ಬಂದರೆ ಆಶ್ಚರ್ಯವೇನು? ಗುರಿ ತಪ್ಪಿದರೆ ಆ ನಾಯಿ ಹುಲ್ಲಿನ ಮರೆಯಿಂದ ಎದ್ದು ಕಿಸಕ್ಕೆಂದು ನಗುತ್ತಿತ್ತು. ಕಣ್ಣಿಗೆ ಬಿದ್ದ ಮೊಲದ ಬೆನ್ನು ಹತ್ತಿ ಓಡುವ ಮುಧೋಳ ನಾಯಿಗೆ ನಗಲು ಪುರುಸೊತ್ತೆಲ್ಲಿ!

ಆ ಪ್ಲಾಸ್ಟಿಕ್ ಪಿಸ್ತೂಲು ಕೆಲಸ ಮಾಡುತ್ತಿದ್ದ ಬಗೆಯನ್ನು ವಿದ್ಯಾರ್ಥಿಗಳು ತಿಳಿಯಬೇಕು. ಪಿಸ್ತೂಲಿನಿಂದ ಏನೂ ಹೊರಡುತ್ತಿರಲಿಲ್ಲ. ಅದು ಬೆಳಕನ್ನು ಕಾಣುವ ಒಂದು ಕಣ್ಣು, ಅಷ್ಟೇ. ಕುದುರೆ ಎಳೆದ ಕೂಡಲೇ ಪರದೆ ಕ್ಷಣಾರ್ಧ ಕಪ್ಪಾಗಿ, ಹಕ್ಕಿಯಿದ್ದ ಜಾಗದಲ್ಲಿ ಮಾತ್ರ ಒಂದು ಬಿಳಿ ಚೌಕ ಮಿಂಚುತ್ತಿತ್ತು. ಆ ಬೆಳಕು ಪಿಸ್ತೂಲಿನ ಕಣ್ಣಿಗೆ ಬಿದ್ದರೆ ಹಕ್ಕಿ ಬಿತ್ತೆಂದು ಲೆಕ್ಕ. ಮೊದಲು ಕಪ್ಪು, ಆಮೇಲೆ ಬಿಳಿ ಎಂಬ ಈ ಕ್ರಮದಿಂದಾಗಿ ಉರಿಯುವ ಬಲ್ಬಿಗೆ ಗುರಿಯಿಟ್ಟು ಮೋಸ ಮಾಡುವಂತಿರಲಿಲ್ಲ. ಇದೆಲ್ಲ ನಡೆದದ್ದು ಹಳೆಯ ಗಾಜಿನ ಕೊಳವೆಯ ಟಿ.ವಿ.ಯ ವೇಗವನ್ನು ನಂಬಿ. ಇಂದಿನ ಚಪ್ಪಟೆ ಟಿ.ವಿ.ಯ ಮುಂದೆ ಆ ಪಿಸ್ತೂಲು ಕುರುಡು. ಹಳೆಯ ಆಟದ ಅಭಿಮಾನಿಗಳು ಹಳೆಯ ಟಿ.ವಿ.ಯನ್ನೂ ಹುಡುಕುವುದು ಇದಕ್ಕಾಗಿಯೇ.

ಮುಳುಗಿದ ಊರು, ಉಳಿದ ಆಟ

ಬೀಳಗಿಯ ಕಡೆ ಬಂದರೆ ಮಾತು ಸ್ವಲ್ಪ ಗಂಭೀರವಾಗುತ್ತದೆ. ಆಲಮಟ್ಟಿ ಅಣೆಕಟ್ಟು 2005ರಲ್ಲಿ ಪೂರ್ಣಗೊಂಡಿತು. ಕೃಷ್ಣೆಯ ಹಿನ್ನೀರಿನಲ್ಲಿ ಈ ತಾಲ್ಲೂಕಿನ ಹಲವು ಹಳ್ಳಿಗಳು ಮುಳುಗಿ, ಜನ ಪುನರ್ವಸತಿ ಕೇಂದ್ರಗಳಿಗೆ ಬಂದರು. ಬಾಲ್ಯದ ಓಣಿ, ಅಗಸಿ, ಶಾಲೆಯ ಕಟ್ಟೆ ನೀರಿನ ಕೆಳಗಿವೆ. ಅದೇ ಕಾಲದ ಮಾರಿಯೋ ಆಟದ ಮೊದಲ ಹಂತ ಮಾತ್ರ ಇಂದಿಗೂ ಇದ್ದಂತೆಯೇ ಇದೆ. ಅದೇ ಇಟ್ಟಿಗೆ, ಅದೇ ಅಣಬೆ.

ಇದು ಹೇಗೆ ಸಾಧ್ಯವಾಯಿತು? ಹಳೆಯ ಯಂತ್ರ ಸತ್ತರೂ ಅದರಂತೆಯೇ ನಡೆದುಕೊಳ್ಳುವ ಪ್ರೋಗ್ರಾಂ ಬರೆಯಬಹುದು. ಇಂಥದ್ದನ್ನು 'ಎಮ್ಯುಲೇಟರ್' ಎನ್ನುತ್ತಾರೆ. ಅಂಗಡಿಗಳಲ್ಲಿ ನಾಣ್ಯ ಹಾಕಿ ಆಡುತ್ತಿದ್ದ ದೊಡ್ಡ ಯಂತ್ರಗಳನ್ನು ಹೀಗೆ ಉಳಿಸುವ ಕೆಲಸವನ್ನು ಇಟಲಿಯ ನಿಕೋಲಾ ಸಾಲ್ಮೋರಿಯಾ 1997ರಲ್ಲಿ 'ಮೇಮ್' ಎಂಬ ಹೆಸರಿನಲ್ಲಿ ಆರಂಭಿಸಿದರು. 2012ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ 'ಪ್ಯಾಕ್‌ಮ್ಯಾನ್', 'ಟೆಟ್ರಿಸ್' ಸೇರಿದಂತೆ 14 ಆಟಗಳನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು. ಆಟ ಉಳಿಯಿತು, ನಿಜ. ಆದರೆ ಬೆಂಚು ಉಳಿಯಲಿಲ್ಲ. ಮನೆಯ ಮೂಲೆಯಲ್ಲಿ ಒಬ್ಬರೇ ಕುಳಿತು ಆಡಿದ ತಂದೆಗೆ ಹತ್ತು ನಿಮಿಷದಲ್ಲಿ ಬೇಸರವಾದರೆ ಅದಕ್ಕೆ ಕಾರಣ ಇದೇ. ಅವರು ಹುಡುಕುತ್ತಿರುವುದು ಮಾರಿಯೋನನ್ನಲ್ಲ, ಪಕ್ಕದಲ್ಲಿ ಕುಳಿತಿದ್ದವನನ್ನು.

ಮಗ್ಗದ ಮನೆಯಲ್ಲಿ ಉತ್ತರ

ಕೊನೆಗೆ ರಬಕವಿ-ಬನಹಟ್ಟಿ. ಓಣಿಗೆ ಕಾಲಿಟ್ಟರೆ ಮಗ್ಗದ ಸದ್ದು. ಇಲ್ಲಿ ಸೀರೆಯ ಸೆರಗು, ದಡಿಗಳ ಹೂವು-ಬಳ್ಳಿ ಮೊದಲು ಹುಟ್ಟುವುದು ಗ್ರಾಫ್ ಕಾಗದದ ಮೇಲೆ. ಒಂದೊಂದು ಚೌಕ ಎಂದರೆ ಹಾಸು ನೂಲನ್ನು ಹೊಕ್ಕು ನೂಲು ದಾಟುವ ಒಂದು ಜಾಗ. ಆ ಚೌಕಗಳನ್ನು ನೋಡಿ ರಟ್ಟಿನ ಕಾರ್ಡುಗಳಿಗೆ ತೂತು ಹೊಡೆಯುತ್ತಾರೆ. ತೂತಿದ್ದರೆ ನೂಲು ಮೇಲೇಳುತ್ತದೆ, ಇಲ್ಲದಿದ್ದರೆ ಇಲ್ಲ. ಫ್ರಾನ್ಸಿನ ಜಕಾರ್ಡ್ 1804ರ ಸುಮಾರಿಗೆ ರೂಪಿಸಿದ ಈ ಉಪಾಯದಿಂದಲೇ ಬ್ಯಾಬೇಜ್ ತನ್ನ ಗಣಕಯಂತ್ರಕ್ಕೆ ತೂತಿನ ಕಾರ್ಡುಗಳನ್ನು ಆರಿಸಿಕೊಂಡದ್ದು.

ಮಾರಿಯೋ ಹುಟ್ಟಿದ್ದೂ ಹೀಗೆಯೇ. ಎಂಟಕ್ಕೆಂಟು ಚೌಕದ ನಾಲ್ಕು ತುಂಡು ಸೇರಿದರೆ ಒಬ್ಬ ಚಿಕ್ಕ ಮಾರಿಯೋ. ಅಷ್ಟು ಸಣ್ಣ ಜಾಗದಲ್ಲಿ ಕೂದಲು, ಬಾಯಿ ಬಿಡಿಸುವುದು ಕಷ್ಟವೆಂದು ಶಿಗೆರು ಮಿಯಾಮೊಟೊ ಅವನಿಗೆ ಟೋಪಿ, ಮೀಸೆ ಕೊಟ್ಟರು. 1985ರ 'ಸೂಪರ್ ಮಾರಿಯೋ ಬ್ರದರ್ಸ್'ನಲ್ಲಿ ಆಕಾಶದ ಮೋಡ, ನೆಲದ ಪೊದೆ ಎರಡೂ ಒಂದೇ ಚಿತ್ರ. ಬಣ್ಣ ಮಾತ್ರ ಬೇರೆ. 32 ಹಂತಗಳ ಆ ಇಡೀ ಆಟ ಬರೀ 40 ಕಿಲೋಬೈಟಿನದು. ಇಂದಿನ ಮೊಬೈಲಿನ ಒಂದು ಸಾಮಾನ್ಯ ಫೋಟೋ ಅದರ ಐವತ್ತು ಪಟ್ಟಾದರೂ ಇರುತ್ತದೆ. ಒಂದೇ ಬುಟ್ಟಾವನ್ನು ಬಣ್ಣ ಬದಲಿಸಿ ಹತ್ತು ಸೀರೆಗೆ ತರುವ ನೇಕಾರನಿಗೆ ಈ ಮಿತವ್ಯಯ ಹೊಸದೇನಲ್ಲ.

ಒಂದು ವ್ಯತ್ಯಾಸವಿದೆ. ಕರೆಂಟು ಹೋದರೆ ಮಗ್ಗ ನಿಲ್ಲುತ್ತದೆ. ಬಂದ ಮೇಲೆ ಅದೇ ಕಾರ್ಡಿನಿಂದ ನೇಯ್ಗೆ ಮುಂದುವರಿಯುತ್ತದೆ. ಆಟದಲ್ಲಿ ಹಾಗಲ್ಲ. ಕ್ಯಾಸೆಟ್ಟಿನೊಳಗಿನ ಆಟ ಅಳಿಯುತ್ತಿರಲಿಲ್ಲ, ಆದರೆ ನೀವು ಎಲ್ಲಿದ್ದಿರಿ ಎಂಬ ಲೆಕ್ಕ ಯಂತ್ರದ ಎರಡು ಕಿಲೋಬೈಟ್ ನೆನಪಿನಲ್ಲಿತ್ತು. ಕರೆಂಟಿನೊಡನೆ ಅದೂ ಹೋಗುತ್ತಿತ್ತು. ಏಳನೆಯ ಹಂತ ತಲುಪಿದವನು ಮತ್ತೆ ಒಂದರಿಂದ ಶುರು ಮಾಡಬೇಕು. ರೋಮ್, ರ್‍ಯಾಮ್‌ಗಳ ಭೇದವನ್ನು ನಮ್ಮ ಹುಡುಗರು ಕಲಿತದ್ದು ಹೀಗೆ, ಪುಸ್ತಕಕ್ಕಿಂತ ಮೊದಲೇ.

ಪಾಲಕರಿಗೆ ಒಂದು ಮಾತು. ಆ ಆಟಗಳಿಗೆ ಒಂದು ಕೊನೆಯಿತ್ತು, ಬಾಡಿಗೆಯ ತಾಸಿಗೂ ಕೊನೆಯಿತ್ತು. ಇಂದಿನ ಅನೇಕ ಮೊಬೈಲ್ ಆಟಗಳು ಮುಗಿಯದಂತೆಯೇ, ನಡುನಡುವೆ ಹಣ ಕೇಳುವಂತೆಯೇ ರಚಿತವಾಗಿವೆ. "ನಾವೂ ಆಡಿದ್ದೆವಲ್ಲ" ಎಂದು ಮಕ್ಕಳ ಕೈಗೆ ಮೊಬೈಲು ಕೊಟ್ಟು ಎದ್ದುಹೋದರೆ ನಾವು ಆಡಿದ ಆಟ ಅವರಿಗೆ ಸಿಕ್ಕಂತಾಗದು. ಪಕ್ಕದಲ್ಲಿ ಕುಳಿತರೆ ಸಿಕ್ಕೀತು.

ವಿದ್ಯಾರ್ಥಿಗಳಿಗೆ ಒಂದು ಕೆಲಸ. ಗ್ರಾಫ್ ಹಾಳೆಯಲ್ಲಿ ಹದಿನಾರಕ್ಕೆ ಹದಿನಾರು ಚೌಕ ಗುರುತಿಸಿ. ಮೂರೇ ಬಣ್ಣಗಳಲ್ಲಿ ಒಂದು ಮುಧೋಳ ನಾಯಿಯನ್ನು ಮೂಡಿಸಿ. ಕಾಲು ಎಲ್ಲಿ ಮಡಿಸಬೇಕು, ಬಾಲಕ್ಕೆ ಎಷ್ಟು ಚೌಕ ಸಾಕು ಎಂದು ತಿಳಿಯದಿದ್ದರೆ ಬನಹಟ್ಟಿಯಲ್ಲಿ ಸೀರೆಯ ಗ್ರಾಫ್ ಬರೆಯುವವರನ್ನು ಕೇಳಿ. ಯಾವ ಚೌಕವನ್ನು ಬಿಡಬೇಕು ಎಂಬುದು ಅವರಿಗೆ ಗೊತ್ತು.