ಬಜಪೆಯ ಗುಡ್ಡದ ಮೇಲೆ

ಕಳೆದ ಶ್ರಾವಣಮಾಸದಲ್ಲಿ ನಾವು ಸಪತ್ನೀಕರಾಗಿ ಮಂಗಳೂರಿಗೆ ಹೋಗಬೇಕಾದ ಪ್ರಸಂಗ ಒದಗಿತು. ನಮ್ಮ ಷಡ್ಡಕರು ಕಾವೂರಿನಲ್ಲಿ ಮನೆ ಕಟ್ಟಿಸಿ, ಗೃಹಪ್ರವೇಶಕ್ಕೆ ಬಂದೇ ತೀರಬೇಕೆಂದು ಒತ್ತಾಯಪಡಿಸಿದ್ದರು. ಮೂವತ್ತಕ್ಕೂ ಹೆಚ್ಚು ವರ್ಷ ಹುಡುಗರಿಂದ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿ ನಿವೃತ್ತರಾದ ನಮಗೆ ರೈಲೇ ರೂಢಿಯಾದ ವಾಹನ. ಆದರೆ ಘಟ್ಟದಲ್ಲಿ ಮಳೆ ಬಲವಾಗಿದೆ, ರೈಲನ್ನು ನಂಬಿ ಮುಹೂರ್ತವನ್ನು ತಪ್ಪಿಸಿಕೊಳ್ಳಬೇಡಿರೆಂದು ಮಗನು ಹೇಳಿ, ಬೆಂಗಳೂರಿನಿಂದ ವಿಮಾನದ ಟಿಕೇಟು ತೆಗೆಸಿಕೊಟ್ಟನು. ಮುಹೂರ್ತವು ತಪ್ಪಿದುದು ವಿಮಾನದಿಂದಲೇ ಎಂಬುದನ್ನು ವಾಚಕರಿಗೆ ಮೊದಲೇ ತಿಳಿಸಿಬಿಡುವುದು ಒಳ್ಳೆಯದು.

ಒಂದು ಗಂಟೆಯೊಳಗಿನ ಪ್ರಯಾಣ. ಮೋಡಗಳಿಂದ ಹೊರಬಿದ್ದೊಡನೆ ಕೆಳಗೆ ತೆಂಗಿನ ತಲೆಗಳು, ಹೆಂಚಿನ ಮಾಡುಗಳು, ಕೆಂಪು ನೀರಿನಿಂದ ತುಂಬಿ ಹರಿಯುವ ಹೊಳೆ ಕಂಡವು. ಇನ್ನೇನು ಚಕ್ರಗಳು ನೆಲ ಮುಟ್ಟಬೇಕು, ಅಷ್ಟರಲ್ಲಿ ಎಂಜಿನ್ನುಗಳು ಒಮ್ಮೆಲೆ ಗರ್ಜಿಸಿದವು. ವಿಮಾನವು ಮೂಗೆತ್ತಿ ಪುನಃ ಮೋಡಗಳೊಳಕ್ಕೆ ನುಗ್ಗಿತು. ಒಳಗೆ ಎಲ್ಲರೂ ಗೊಣಗಿದರು. ನಾವೂ ಗೊಣಗಿದೆವು. ಮುಕ್ಕಾಲು ಗಂಟೆ ಆಕಾಶದಲ್ಲಿ ಸುತ್ತಿದ ಮೇಲೆ ಎರಡನೆಯ ಬಾರಿ ಇಳಿದುದಂತೂ ಧೊಪ್ಪೆಂದು, ಮೂಟೆಯನ್ನು ಎತ್ತಿಹಾಕಿದಂತೆ. ಆಮೇಲೆ ಹಿಡಿದ ಬ್ರೇಕಿನ ರಭಸಕ್ಕೆ ನಮ್ಮ ಕನ್ನಡಕವು ಮಡಿಲಿಗೆ ಬಿದ್ದಿತು. ನಮ್ಮ ಮನೆಯವರು ಆಸನದ ಕೆಳಗಿಟ್ಟಿದ್ದ ಹೂವಿನ ಚೀಲವು ಮುಂದಿನವರ ಕಾಲಿನವರೆಗೆ ಜಾರಿತು. ಇಳಿಯುವಾಗ ಬಾಗಿಲ ಬಳಿ ವಿಮಾನವನ್ನು ನಡೆಸಿದ ತರುಣಿಯೇ ನಿಂತಿದ್ದಳು. "ಸ್ವಲ್ಪ ಮೆಲ್ಲಗೆ ಇಳಿಸಬಾರದಾಗಿತ್ತೇನಮ್ಮಾ?" ಎಂದು ನಾವು ಮೇಷ್ಟರ ದನಿಯಲ್ಲಿಯೇ ಕೇಳಿದೆವು. ಆಕೆಯು "ಮಳೆ ಸಾರ್" ಎಂದಷ್ಟೇ ಹೇಳಿ ಕೈಮುಗಿದಳು. ನಾವು ಕಾವೂರನ್ನು ಮುಟ್ಟಿದಾಗ ಹಾಲುಕ್ಕಿ, ಒಲೆಯೂ ಆರಿತ್ತು.

ಅಂದಿನ ಊಟದ ಪಂಕ್ತಿಯಲ್ಲಿ ನಮ್ಮ ಹಳೆಯ ಶಿಷ್ಯನೊಬ್ಬನು ಸಿಕ್ಕಿದನು. ಈಗ ವಿಮಾನಗಳ ದುರಸ್ತಿಯ ಎಂಜಿನಿಯರು. ಹುಡುಗನಾಗಿದ್ದಾಗ ಇವನು ಕೇಳಿದ ಒಂದು ಪ್ರಶ್ನೆ ನಮಗೆ ಇನ್ನೂ ನೆನಪಿದೆ. ಶಾಕುಂತಲದ ಏಳನೆಯ ಅಂಕದಲ್ಲಿ ದುಷ್ಯಂತನು ಇಂದ್ರನ ರಥದಲ್ಲಿ ಆಕಾಶದಿಂದ ಇಳಿಯುತ್ತಾನೆ. ಗಾಲಿಗಳ ಸದ್ದಿಲ್ಲ, ಧೂಳು ಏಳಲಿಲ್ಲ, ರಥವು ನೆಲವನ್ನು ಸೋಂಕಲೇ ಇಲ್ಲವಾದುದರಿಂದ ಇಳಿದುದೇ ತಿಳಿಯಲಿಲ್ಲವೆಂದು ಕವಿಯು ವರ್ಣಿಸಿದ್ದಾನೆ. ನಾವು ಆ ಸೊಗಸಿನಲ್ಲಿ ಮೈಮರೆತು ಪಾಠ ಹೇಳುತ್ತಿದ್ದಾಗ ಇವನು ಎದ್ದು ನಿಂತು, "ನೆಲವನ್ನೇ ಮುಟ್ಟದಿದ್ದರೆ ರಥ ನಿಂತದ್ದು ಹೇಗೆ ಮೇಷ್ಟ್ರೇ?" ಎಂದಿದ್ದನು. ಅರಸಿಕನೆಂದು ಗದರಿಸಿ ಕುಳ್ಳಿರಿಸಿದ್ದೆವು. ಈಗ ನಮ್ಮ ದೂರನ್ನು ಪೂರ್ತಿ ಕೇಳಿದ ಮೇಲೆ ಅವನು ನಕ್ಕು, "ನಾಳೆ ನಿಮ್ಮನ್ನು ಒಂದು ಕಡೆಗೆ ಕರೆದುಕೊಂಡು ಹೋಗುತ್ತೇನೆ" ಎಂದನು.

ಮರುದಿನ ಮಳೆ ಬಿಟ್ಟಿತ್ತು. ಕಾವೂರಿನಿಂದ ಮುಂದೆ ಸಾಗಿ, ಮರವೂರಿನಲ್ಲಿ ಫಲ್ಗುಣಿ ಹೊಳೆಯ ಸೇತುವೆಯನ್ನು ದಾಟಿದರೆ ಕೆಂಜಾರು. ಎಡಬಲಗಳಲ್ಲಿ ಅಡಕೆ ತೆಂಗು, ನಡುವೆ ಗದ್ದೆಯ ತುಂಡುಗಳು. ತಲೆಯೆತ್ತಿ ನೋಡಿದರೆ ಮುರಕಲ್ಲಿನ ಗುಡ್ಡ. ಆ ಗುಡ್ಡದ ನೆತ್ತಿಯನ್ನು ಮಟ್ಟಮಾಡಿ ವಿಮಾನಗಳಿಗೆ ಹಾದಿ ಮಾಡಿದ್ದಾರೆ. 1951ನೆಯ ಇಸವಿ ಡಿಸೆಂಬರು 25ರಂದು ಜವಾಹರಲಾಲ ನೆಹರೂ ಅವರು ಡಕೋಟಾ ವಿಮಾನದಲ್ಲಿ ಬಂದಿಳಿದು ಈ ನಿಲ್ದಾಣವನ್ನು ತೆರೆದರು. ಆಗಿನ ಹಾದಿ ಗಿಡ್ಡದು. 2006ರಲ್ಲಿ 2450 ಮೀಟರು ಉದ್ದದ ಹೊಸ ರನ್‌ವೇ ಆಯಿತು. ಅಡಿಗಳ ಲೆಕ್ಕದಲ್ಲಿ ಎಂಟು ಸಾವಿರಕ್ಕೆ ತುಸು ಮೇಲೆ. ಮೇಜಿನ ಹಲಗೆಯಂತೆ ಮಟ್ಟಸವಾಗಿದ್ದು ಅಂಚಿನಲ್ಲಿ ಕಮರಿ ಇರುವುದರಿಂದ ಇಂಥವನ್ನು ಟೇಬಲ್ ಟಾಪ್ ಎನ್ನುತ್ತಾರೆ.

ಕೆಂಜಾರಿನ ಈ ಕಡೆಯ ಕಮರಿಯಲ್ಲಿಯೇ 2010ನೆಯ ಇಸವಿ ಮೇ 22ರ ಬೆಳಗ್ಗೆ, ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನವು ಬಿದ್ದು ಉರಿದುಹೋಯಿತು. ಒಳಗಿದ್ದವರು 166 ಮಂದಿ. ಉಳಿದವರು 8 ಮಂದಿ. ಅಂದು ಮಳೆಯಿರಲಿಲ್ಲ, ಹಾದಿಯು ಒಣಗಿತ್ತು, ಬ್ರೇಕುಗಳಲ್ಲಿ ದೋಷವಿರಲಿಲ್ಲ. ಇದನ್ನು ಕೇಳಿ ನಮಗೆ ಮೈ ಜುಮ್ಮೆಂದಿತು. ಕೆಟ್ಟಿದ್ದರೆ ಒಂದು ಸಮಾಧಾನವಿರುತ್ತಿತ್ತು.

"ಹಾಗಾದರೆ ಏಕೆ ನಿಲ್ಲಲಿಲ್ಲವಪ್ಪಾ?" ಎಂದು ಈ ಸಲ ನಾವೇ ಅವನನ್ನು ಕೇಳಿದೆವು. ಶಿಷ್ಯನು ರಸ್ತೆಯ ಬದಿಯ ಕಟ್ಟೆಯ ಮೇಲೆ ಕುಳಿತು, ಕಡ್ಡಿಯಿಂದ ಮಣ್ಣಿನಲ್ಲಿ ಗೆರೆಯೆಳೆದು ವಿವರಿಸಿದನು. ಅವನು ಹೇಳಿದುದನ್ನು ನಮಗೆ ಗ್ರಾಹ್ಯವಾದ ಮಟ್ಟಿಗೆ ಇಲ್ಲಿ ಬರೆಯುತ್ತೇವೆ.

ಅರವತ್ತು ಟನ್ನು ತೂಕದ ವಿಮಾನವು ಗಂಟೆಗೆ 240 ಕಿಲೋಮೀಟರು ವೇಗದಲ್ಲಿ ನೆಲ ಮುಟ್ಟಿತೆಂದು ಭಾವಿಸೋಣ. ಅದರಲ್ಲಿ ಅಡಗಿದ ಚಲನಶಕ್ತಿಯನ್ನು ಶಾಖವಾಗಿ ಮಾರ್ಪಡಿಸಿದರೆ ಮದುವೆಮನೆಯ ನಾಲ್ಕು ಹಂಡೆಗಳು, ಅಂದರೆ ಸುಮಾರು ನಾನೂರು ಲೀಟರು ತಣ್ಣೀರು ಕುದಿಯಬಹುದು. ಅಷ್ಟನ್ನೂ ಅರ್ಧ ನಿಮಿಷದ ಆಸುಪಾಸಿನಲ್ಲಿ ಕಳೆದುಕೊಳ್ಳಬೇಕು. ಅದೂ ಅಲ್ಲದೆ ಈ ಶಕ್ತಿಯು ವೇಗದ ವರ್ಗವನ್ನು ಅನುಸರಿಸುತ್ತದೆ: ವೇಗವು ನೂರಕ್ಕೆ ಹತ್ತರಷ್ಟು ಹೆಚ್ಚಾದರೆ ಶಕ್ತಿಯು ನೂರಕ್ಕೆ ಇಪ್ಪತ್ತೊಂದರಷ್ಟು ಹೆಚ್ಚುತ್ತದೆ.

ಇದಕ್ಕೆ ಚಕ್ರದ ಬ್ರೇಕೊಂದೇ ಸಾಧನವೆಂದು ನಾವು ತಿಳಿದಿದ್ದೆವು. ಚಕ್ರದ ಬ್ರೇಕು ಹಿಡಿಯಬೇಕಾದರೆ ಚಕ್ರದ ಮೇಲೆ ಭಾರ ಬೀಳಬೇಕು. ಮುಟ್ಟಿದ ಕ್ಷಣದಲ್ಲಿ ರೆಕ್ಕೆಗಳು ಇನ್ನೂ ವಿಮಾನವನ್ನು ಎತ್ತಿ ಹಿಡಿದಿರುತ್ತವೆ. ಭಾರವು ಗಾಳಿಯ ಮೇಲೆಯೇ ಇರುತ್ತದೆ. ಅದಕ್ಕಾಗಿ ರೆಕ್ಕೆಗಳ ಬೆನ್ನಿನ ಮೇಲೆ ಸ್ಪಾಯ್ಲರ್ ಎಂಬ ಹಲಗೆಗಳು ತಟಕ್ಕನೆ ಎದ್ದು ನಿಂತು ಆ ಎತ್ತುವ ಬಲವನ್ನು ಮುರಿಯುತ್ತವೆ. ಕಿಟಕಿಯ ಬಳಿ ಕುಳಿತವರು ಇದನ್ನು ಕಣ್ಣಾರೆ ನೋಡಬಹುದು; ನಾವು ನೋಡಿ, ರೆಕ್ಕೆಯೇ ಕಿತ್ತುಬಂದಿತೆಂದು ಹೆದರಿದ್ದೆವು. ಆಮೇಲೆ ಬರುವ ಗರ್ಜನೆಯು ರಿವರ್ಸಿನದು. ಎಂಜಿನ್ನು ಹಿಂದುಮುಂದಾಗಿ ತಿರುಗುತ್ತದೆಯೆಂದು ಹಲವರು ನಂಬಿದ್ದಾರೆ, ಹಾಗಲ್ಲ. ಎಂಜಿನ್ನಿನ ಬೀಸಣಿಗೆಯು ಹಿಂದಕ್ಕೆ ತಳ್ಳುತ್ತಿದ್ದ ಗಾಳಿಗೆ ಒಳಗೆ ಅಡ್ಡ ಬಾಗಿಲು ಮುಚ್ಚಿ, ಪಕ್ಕದ ಕಂಡಿಗಳಿಂದ ಅದನ್ನು ಮುಂದಕ್ಕೆ ಬಿಡುತ್ತಾರೆ. ವೇಗ ಹೆಚ್ಚಾಗಿರುವಾಗ ಇದರ ಉಪಕಾರ ಹೆಚ್ಚು. ಕೊನೆಯವರೆಗೆ ದುಡಿಯತಕ್ಕದ್ದು ಚಕ್ರದ ಬ್ರೇಕೇ.

ಆದರೆ ಬ್ರೇಕನ್ನು ಸಿಟ್ಟಿನಿಂದ ಒತ್ತಿ ಚಕ್ರವನ್ನು ಕಟ್ಟಿಬಿಟ್ಟರೆ ಕೆಲಸ ಕೆಟ್ಟಿತು. ಉರುಳದ ಚಕ್ರವು ಜಾರುತ್ತದೆ, ಟೈರು ಸವೆದು ಒಡೆಯುತ್ತದೆ. ಹಿಂದೆ ಚಾಲಕನು ಕಾಲಿನ ಹದದಿಂದಲೇ ಇದನ್ನು ಸಂಭಾಳಿಸಬೇಕಾಗಿತ್ತು. 1950ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಡನ್‌ಲಪ್ ಸಂಸ್ಥೆಯವರು ಮ್ಯಾಕ್ಸರೆಟ್ ಎಂಬ ಉಪಕರಣವನ್ನು ತಂದರು. ಚಕ್ರವು ಜಾರತೊಡಗಿತೆಂದು ಕಂಡೊಡನೆ ಅದು ತಾನಾಗಿ ಬ್ರೇಕನ್ನು ಸಡಿಲಿಸಿ, ಮತ್ತೆ ಹಿಡಿಯುತ್ತಿತ್ತು. ಬಿಟ್ಟು ಬಿಟ್ಟು ಹಿಡಿದರೆ ಬೇಗ ನಿಲ್ಲುತ್ತದೆಂಬುದು ಮೊದಲ ಕೇಳ್ವಿಗೆ ವಿಚಿತ್ರವೆನಿಸಿದರೂ ಸತ್ಯ. ನಮ್ಮ ತಮ್ಮನ ಮಗನು ತನ್ನ ಮೋಟಾರು ಸೈಕಲ್ಲಿಗೆ ಎ.ಬಿ.ಎಸ್. ಇದೆಯೆಂದು ಬೀಗುತ್ತಾನಲ್ಲ, ಅದೂ ಇದರ ವಂಶದ್ದೇ.

ಇನ್ನು ಮಳೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಸುರಿಯುವ ಈ ನಾಡಿನಲ್ಲಿ ಈ ಮಾತು ಮುಖ್ಯವಾದುದು. ನಿಂತ ನೀರಿನ ಮೇಲೆ ವೇಗವಾಗಿ ಬರುವ ಟೈರು ನೀರನ್ನು ಪಕ್ಕಕ್ಕೆ ತಳ್ಳಲಾರದೆ ಅದರ ಮೇಲೆಯೇ ತೇಲುತ್ತದೆ. ಆಗ ಚಕ್ರಕ್ಕೂ ನೆಲಕ್ಕೂ ನಂಟೇ ಇಲ್ಲ. ಅಮೆರಿಕದ ನಾಸಾ ಸಂಸ್ಥೆಯವರು 1960ರ ದಶಕದಲ್ಲಿ ಪರೀಕ್ಷಿಸಿ, ಟೈರಿನೊಳಗಿನ ಗಾಳಿಯ ಒತ್ತಡದಿಂದಲೇ ಈ ವೇಗವನ್ನು ಗುಣಿಸಿ ತೆಗೆಯುವ ಸೂತ್ರವನ್ನು ಕೊಟ್ಟಿದ್ದಾರೆ. ಬಜಪೆಗೆ ಬರುವಂಥ ವಿಮಾನಗಳ ಟೈರಿಗೆ ಅದು ಗಂಟೆಗೆ ಸುಮಾರು 235 ಕಿಲೋಮೀಟರು, ಎಂದರೆ ಇಳಿಯುವ ವೇಗಕ್ಕೆ ಎದುರುಬದುರಾಗಿಯೇ ಬರುತ್ತದೆ. ಇದಕ್ಕೆ ಉಪಾಯವೇನೆಂದರೆ, ಹಲವು ನಿಲ್ದಾಣಗಳಲ್ಲಿ ಹಾದಿಗೆ ಅಡ್ಡಡ್ಡಲಾಗಿ ಕಾಲಂಗುಲ ಅಗಲ, ಕಾಲಂಗುಲ ಆಳದ ಗೀರುಗಳನ್ನು ಕೊರೆಯುತ್ತಾರೆ. ನೀರು ಅವುಗಳಲ್ಲಿ ಇಳಿದು ಓಡುತ್ತದೆ. ಇಳಿದ ವಿಮಾನಗಳ ಟೈರಿನಿಂದ ಮೆತ್ತಿದ ರಬ್ಬರನ್ನೂ ಆಗಾಗ್ಗೆ ತೊಳೆದು ತೆಗೆಯುತ್ತಾರೆ. ಚಾಲಕನೂ ತನ್ನ ಪಾಲಿನ ಕೆಲಸ ಮಾಡಬೇಕು: ಒದ್ದೆಯಾದ ಹಾದಿಯ ಮೇಲೆ ಗಟ್ಟಿಯಾಗಿ ಊರಿ ಇಳಿಯಬೇಕು. ಆ ಪೆಟ್ಟಿಗೆ ನೀರಿನ ಪದರವು ಹರಿದು ಟೈರು ನೆಲವನ್ನು ಕಾಣುತ್ತದೆ, ಚಕ್ರಗಳು ಕೂಡಲೆ ಉರುಳುತ್ತವೆ.

"ನಿಮ್ಮನ್ನು ನಿನ್ನೆ ಇಳಿಸಿದವಳು ಮಾಡಿದ್ದು ಅದನ್ನೇ ಮೇಷ್ಟ್ರೇ" ಎಂದನು. ನಾವು ಸುಮ್ಮನಿದ್ದೆವು.

ಮೆತ್ತಗೆ ಇಳಿಸಬೇಕೆಂಬ ಆಸೆಯಿಂದ ಚಾಲಕನು ನೆಲದಿಂದ ಕೆಲವು ಅಡಿ ಮೇಲೆ ವಿಮಾನವನ್ನು ತೇಲಿಸುತ್ತ ಹೋದರೆ ಒಂದೊಂದು ಸೆಕೆಂಡಿಗೆ 66 ಮೀಟರು ಹಾದಿ ಹಿಂದೆ ಸರಿಯುತ್ತದೆ. ಐದು ಸೆಕೆಂಡಿನ ಸೊಗಸಿಗೆ 330 ಮೀಟರು ಬೆಲೆ. ಕಳೆದ ಆ ಹಾದಿಯನ್ನು ಯಾವ ಬ್ರೇಕೂ ಮರಳಿ ತಂದುಕೊಡಲಾರದು.

2010ರ ವಿಮಾನದ ಕತೆಯು ಇದಕ್ಕಿಂತಲೂ ಕಠಿನವಾದುದು. ಅದು ಬರುವಾಗಲೇ ಬಹಳ ಎತ್ತರದಲ್ಲಿತ್ತು, ವೇಗವೂ ಮಿತಿಮೀರಿತ್ತು. ದಾರಿಯಲ್ಲಿ ಮುಖ್ಯ ಚಾಲಕರು ಒಂದೂವರೆ ಗಂಟೆಗೂ ಹೆಚ್ಚು ನಿದ್ರಿಸಿದ್ದರೆಂದು ವಿಚಾರಣೆಯಲ್ಲಿ ಹೊರಬಿದ್ದಿತು. ಜತೆಯ ಚಾಲಕರು ಮತ್ತೆ ಮೇಲೇರೋಣವೆಂದು ಒಂದಕ್ಕಿಂತ ಹೆಚ್ಚು ಸಲ ಹೇಳಿದರು. ಯಂತ್ರವೂ ಎಚ್ಚರಿಸಿತು. ಹಾಗಿದ್ದಾಗ್ಯೂ ವಿಮಾನವು ಇಳಿಯಿತು. ಎಂಟು ಸಾವಿರ ಅಡಿಗಳ ಹಾದಿಯಲ್ಲಿ ಅದು ಸರಿಯಾಗಿ ಊರಿದುದು 5200 ಅಡಿಗಳ ಬಳಿ. ಅಲ್ಲಿಯೂ ಆಶೆಯಿತ್ತು: ಆಗಲೇ ರಿವರ್ಸನ್ನೂ ಬ್ರೇಕನ್ನೂ ಪೂರ್ಣವಾಗಿ ಹಿಡಿದಿದ್ದರೆ ಹಾದಿಯೊಳಗೇ ನಿಲ್ಲಬಹುದಾಗಿತ್ತೆಂದು ವಿಮಾನವನ್ನು ತಯಾರಿಸಿದ ಬೋಯಿಂಗಿನವರು ಲೆಕ್ಕ ಹಾಕಿ ತೋರಿಸಿದರು. ರಿವರ್ಸನ್ನು ಹಾಕಿದ್ದರು. ಆದರೆ ಕೆಲವೇ ಸೆಕೆಂಡುಗಳಲ್ಲಿ ಮನಸ್ಸು ಬದಲಾಯಿಸಿ ಮತ್ತೆ ಹಾರಲು ಯತ್ನಿಸಿದರು. ಒಮ್ಮೆ ರಿವರ್ಸ್ ಹಾಕಿದ ಮೇಲೆ ಹಾರಬಾರದು, ನಿಲ್ಲಿಸಿಯೇ ತೀರಬೇಕೆಂಬುದು ನಿಯಮ. ಹಾದಿ ಮುಗಿದು, ಮುಂದಿನ ಮರಳಿನ ಪಾತಿಯೂ ಮುಗಿದು, ಅದರಾಚೆಯ ಕಾಂಕ್ರೀಟಿನ ಕಟ್ಟಡಕ್ಕೆ ರೆಕ್ಕೆ ಬಡಿಯಿತು. ಮುಂದೆ ಕಮರಿ. 2020ನೆಯ ಇಸವಿ ಆಗಸ್ಟು 7ರಂದು, ನೆರೆಯ ಕೇರಳದ ಕೋಳಿಕ್ಕೋಡಿನ ಇಂಥದೇ ಗುಡ್ಡದ ಮೇಲೆ, ಮಳೆಯಲ್ಲಿ, ಬೆನ್ನ ಹಿಂದಿನ ಗಾಳಿಯೊಡನೆ ಇಳಿದ ಇನ್ನೊಂದು ವಿಮಾನವೂ ಹಾದಿಯ ಅರ್ಧವನ್ನು ಕಳೆದ ಮೇಲೆಯೇ ನೆಲ ಮುಟ್ಟಿತು. 21 ಜನ ಸತ್ತರು.

ಹಾದಿ ಮೀರಿದ ವಿಮಾನವನ್ನು ಹಿಡಿಯುವ ಉಪಾಯವೂ ಉಂಟು. ನೊರೆಯಂತೆ ಹಗುರವಾದ, ಒತ್ತಿದರೆ ಪುಡಿಯಾಗುವ ಕಾಂಕ್ರೀಟಿನ ಹಾಸನ್ನು ಕೊನೆಯಲ್ಲಿ ಹಾಕುತ್ತಾರೆ. ಚಕ್ರಗಳು ಅದರಲ್ಲಿ ಹೂತು ವಿಮಾನ ನಿಲ್ಲುತ್ತದೆ. ನ್ಯೂಯಾರ್ಕಿನ ಕೆನಡಿ ನಿಲ್ದಾಣದಲ್ಲಿ 1996ರಲ್ಲಿ ಇದನ್ನು ಹಾಕಿದರು. 1999ರ ಮೇ ತಿಂಗಳಿನಲ್ಲಿ ಅದು ಒಂದು ವಿಮಾನವನ್ನು ಹಿಡಿದು ಉಳಿಸಿತು. ಬಜಪೆಯ ವಿಚಾರಣಾ ಸಮಿತಿಯೂ ಗುಡ್ಡದ ನಿಲ್ದಾಣಗಳಿಗೆ ಇದು ಬೇಕೆಂದು ಹೇಳಿತು. ಹಣದ ಮಾತನ್ನು ಬಲ್ಲವರು ಆಡಲಿ. ಆ ಕಮರಿಯನ್ನು ಕಂಡ ಮೇಲೆ ನಮಗೆ ಅದು ದುಬಾರಿಯೆನಿಸಲಿಲ್ಲ.

ಹಿಂದಿರುಗುವಾಗ ಕೂಳೂರಿಗೆ ಹೋದೆವು. ಅಲ್ಲಿ ಫಲ್ಗುಣಿಯ ದಡದಲ್ಲಿ, ಗುರುತು ಹತ್ತದೆ ಉಳಿದ ಹನ್ನೆರಡು ಮಂದಿಯನ್ನು ಒಟ್ಟಿಗೆ ಮಣ್ಣು ಮಾಡಿದ್ದಾರೆ. ಪ್ರತಿ ವರ್ಷ ಮೇ 22ರಂದು ಜನರು ಬಂದು ಹೂವಿಡುತ್ತಾರಂತೆ. ನಮ್ಮ ಮನೆಯವರು, ಮುಹೂರ್ತಕ್ಕೆ ತಲಪದೆ ಚೀಲದಲ್ಲಿಯೇ ಉಳಿದಿದ್ದ ಮಲ್ಲಿಗೆಯನ್ನು ಅಲ್ಲಿಟ್ಟರು. ಬಾಡಿತ್ತು, ಆದರೂ ಇಟ್ಟರು. ಗಲ್ಫಿನಲ್ಲಿ ದುಡಿದು ಮನೆಗೆ ಬರುತ್ತಿದ್ದವರೇ ಆ ವಿಮಾನದಲ್ಲಿ ಹೆಚ್ಚು. ಅವರಿಗಾಗಿ ಕಾಯುತ್ತಿದ್ದ ಮನೆಗಳಲ್ಲಿ ಅಂದು ಏನೇನು ಅಡಿಗೆ ಆಗಿತ್ತೋ ಎಂದು ಅವರು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಆ ತರುಣಿಯ ಹೆಸರನ್ನು ಕೇಳಿಕೊಳ್ಳಲಿಲ್ಲವಲ್ಲಾ ಎಂಬ ಕೊರಗು ನಮಗೆ ಉಳಿದಿದೆ. ತಪ್ಪಾಯಿತೆಂದು ಒಂದು ಕಾಗದವನ್ನಾದರೂ ಬರೆಯಬಹುದಾಗಿತ್ತು.

ಕೆಂಜಾರಿನಲ್ಲಿ ನಡೆದ ಒಂದು ಸಂಗತಿಯನ್ನು ಬಿಟ್ಟೆವು. ಶಿಷ್ಯನು ಮಣ್ಣಿನಲ್ಲಿ ಗೆರೆಯೆಳೆಯುತ್ತಿದ್ದಾಗ, ಹತ್ತಿರದ ತೋಟದ ವೃದ್ಧರೊಬ್ಬರು ಅಡಕೆಯ ಬುಟ್ಟಿಯನ್ನು ಸೊಂಟಕ್ಕೆ ಆನಿಸಿಕೊಂಡು ಬಂದು ನಿಂತಿದ್ದರು. ಅಷ್ಟರಲ್ಲಿ ಮೂಡಣ ದಿಕ್ಕಿನಿಂದ ವಿಮಾನದ ಸದ್ದು ಕೇಳಿಸಿತು. ಅವರು ಮಾತು ನಿಲ್ಲಿಸಿ ಗುಡ್ಡದ ಕಡೆಗೆ ಕಿವಿಗೊಟ್ಟರು. ಕೆಳಗಿನಿಂದ ವಿಮಾನವು ಕಾಣಿಸದು. ಸದ್ದು ಸಣ್ಣದಾಯಿತು, ಏನೂ ಇಲ್ಲವಾಯಿತು. ನಾವೂ ಉಸಿರು ಬಿಗಿಹಿಡಿದೆವು. ಆಮೇಲೆ ಗುಡ್ಡದ ನೆತ್ತಿಯಿಂದ ರಿವರ್ಸಿನ ಗರ್ಜನೆಯು ತುಂಬುದನಿಯಲ್ಲಿ ಬಂದಿತು. "ನಿಂತಿತು ಮಾರಾಯ್ರೆ" ಎಂದು ಹೇಳಿ ಅವರು ಬುಟ್ಟಿಯನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡು ತೋಟದೊಳಕ್ಕೆ ಇಳಿದು ಹೋದರು.