ಹಲ್ಲು ಎಣಿಸಲಾಗದ ಮ್ಯಾಂಡೊಲಿನ್

"ನುಡಿಸಿ ನೋಡದೇ ತಗೊಳ್ತೀರಾ ಮೇಷ್ಟ್ರೇ?"

ಶಿಕಾರಿಪುರದಲ್ಲಿ ನನ್ನನ್ನು ಬಲ್ಲವರೆಲ್ಲ ಸರದಿಯ ಮೇಲೆ ಇದೊಂದೇ ಪ್ರಶ್ನೆ ಕೇಳುತ್ತಿದ್ದಾರೆ. ಮ್ಯಾಂಡೊಲಿನ್ ಅಂದರೆ ಊದುವುದೋ ಬಡಿಯುವುದೋ ಗೊತ್ತಿಲ್ಲದವರಿಗೂ ಅದನ್ನು ನುಡಿಸಿ ನೋಡಿಯೇ ಕೊಳ್ಳಬೇಕೆಂಬುದು ಮಾತ್ರ ಖಚಿತವಾಗಿ ಗೊತ್ತು. ಔಷಧಿ ಅಂಗಡಿಯವರು ಮಾತ್ರೆ ಕಟ್ಟಿಕೊಡುತ್ತಾ ಕೇಳಿದರು. ಹುಚ್ಚರಾಯಸ್ವಾಮಿ ದೇವಸ್ಥಾನದ ಎದುರು ಚಪ್ಪಲಿ ಬಿಡುತ್ತಿದ್ದಾಗ ಇನ್ನೊಬ್ಬರು ಕೇಳಿದರು. ಬೆಲೆ ತಿಳಿದ ಮೇಲಂತೂ ಪ್ರಶ್ನೆಯ ಹಿಂದೆಯೇ ಒಂದು "ಅಯ್ಯೋ ಶಿವನೇ" ಹೊರಡುತ್ತದೆ.

ಬೆಲೆ ಇಲ್ಲಿ ಬರೆಯುವುದಿಲ್ಲ. ಆ ದುಡ್ಡಿಗೆ ಎರಡು ಬೈಕು ಬಂದಾವು ಎಂದರೆ ಸಾಕು. ಮೇಲಿನ ಹಲಗೆ ಸ್ಪ್ರೂಸ್, ಬೆನ್ನು ಮತ್ತು ಪಕ್ಕ ಮೇಪಲ್, ಪೂರಾ ಕೈಕೆತ್ತನೆ. ಹೊರದೇಶದ ಒಬ್ಬಾತ ತನ್ನ ಪಾಡಿಗೆ ತಾನು ಕೂತು ವರ್ಷಕ್ಕೆ ಕೆಲವನ್ನಷ್ಟೇ ಮಾಡುತ್ತಾನೆ. ನಮ್ಮೂರಿನಲ್ಲಂತೂ ಅಂಥದ್ದು ಇಲ್ಲ, ಶಿವಮೊಗ್ಗದಲ್ಲೂ ಕಾಣಲಿಲ್ಲ. ಬೆಂಗಳೂರಿನ ಅಂಗಡಿಗಳಲ್ಲಿ ಗೋಡೆ ತುಂಬ ಗಿಟಾರು. ಮ್ಯಾಂಡೊಲಿನ್ ಕೇಳಿದರೆ ಮೂಲೆಯಿಂದ ಯಾವುದೋ ಒಂದನ್ನು ಎತ್ತಿ, ಧೂಳು ಒರೆಸಿ, "ಇದೇ ಇರೋದು" ಎನ್ನುತ್ತಾರೆ. ನನಗೆ ಬೇಕಾದ್ದನ್ನು ಫೋಟೋದಲ್ಲಿ ನೋಡಬಹುದು, ಫೋನಿನಲ್ಲಿ ಕೇಳಬಹುದು. ಮುಟ್ಟಬೇಕೆಂದರೆ ದುಡ್ಡು ಕಟ್ಟಬೇಕು.

ಎಲ್ಲರಿಗಿಂತ ಜೋರಾಗಿ ತಕರಾರು ತೆಗೆದವನು ಎದುರು ಮನೆಯ ಹುಡುಗ, ನನ್ನ ಹಳೆಯ ಶಿಷ್ಯ. ಅವನು ಹೋದ ವರ್ಷ ಒಂದು ಹೋರಿ ತಂದಿದ್ದಾನೆ. ಅದರ ಬೆಲೆಯಲ್ಲಿ ನನ್ನ ಮ್ಯಾಂಡೊಲಿನ್ ಬಂದು, ಅದರ ಪೆಟ್ಟಿಗೆಯೂ ಬಂದು, ಕೈಯಲ್ಲಿ ಚಿಲ್ಲರೆ ಉಳಿಯುತ್ತದೆ. ಆ ಹೋರಿ ಓಡಿದ್ದನ್ನು ಅವನು ಕಂಡದ್ದು ಮೊಬೈಲಿನಲ್ಲಿ.

ನಮ್ಮ ಕಡೆಯ ಹೋರಿ ಹಬ್ಬ ನೋಡದವರಿಗೆ ಇದು ಅರ್ಥವಾಗುವುದು ಕಷ್ಟ. ಬಲಿಪಾಡ್ಯಮಿಗೆ ಶುರುವಾಯಿತೆಂದರೆ ಶಿಕಾರಿಪುರ, ಸೊರಬದ ಹಳ್ಳಿಗಳಲ್ಲಿ ಊರಿಂದೂರಿಗೆ ತಿಂಗಳುಗಟ್ಟಲೆ ನಡೆಯುತ್ತದೆ. ಆಚೆ ಹಿರೇಕೆರೂರು, ಹಾನಗಲ್ಲಿನವರಿಗೂ ಇದೇ ಹುಚ್ಚು. ಕೊರಳಿಗೆ ಕೊಬ್ಬರಿ ಸರ, ಕೊಂಬಿಗೆ ಬಲೂನು, ರಿಬ್ಬನ್ನು, ಮೈಮೇಲೆ ಜೂಲು. ಅಖಾಡಕ್ಕೆ ಬಿಟ್ಟರೆ ಎರಡೂ ಬದಿಯ ಹುಡುಗರು ಕೊಬ್ಬರಿಗೆ ಕೈಹಾಕುತ್ತಾರೆ. ಕೊಬ್ಬರಿ ಕೊಡದೆ ದಾಟಿದ ಹೋರಿಗೆ ಬಹುಮಾನ, ಬಿರುದು, ಫ್ಲೆಕ್ಸು, ಅಭಿಮಾನಿ ಬಳಗ. ಹೆಸರು ಮಾಡಿದ ಹೋರಿ ಲಕ್ಷಗಳ ಲೆಕ್ಕದಲ್ಲಿ ಕೈ ಬದಲಾಯಿಸುತ್ತದೆ.

ಕೊಳ್ಳುವಾಗ ನಡೆಯುವ ಪರೀಕ್ಷೆ ಒಮ್ಮೆ ನೋಡಬೇಕು. ಮೂಗುದಾರ ಬಿಗಿಹಿಡಿದು ಬಾಯಿ ಬಿಡಿಸುತ್ತಾರೆ. ಎರಡು ಹಲ್ಲೋ, ನಾಲ್ಕೋ, ಆರೋ, ಬಾಯಿಗೂಡಿದೆಯೋ? ಹಣೆಯ ಸುಳಿ, ಬೆನ್ನಿನ ಸುಳಿ ಸವರಿ ಒಬ್ಬ ಹಿರಿಯರು "ಹೂಂ" ಎನ್ನುತ್ತಾರೆ. ಆ ಹೂಂಕಾರದ ಅರ್ಥ ಅವರೂ ಬಿಡಿಸಿ ಹೇಳುವುದಿಲ್ಲ. ಗೊರಸು ತಟ್ಟುತ್ತಾರೆ, ಕಿವಿಯ ಹತ್ತಿರ ಚಿಟಿಕೆ ಹೊಡೆಯುತ್ತಾರೆ, ಹತ್ತು ಹೆಜ್ಜೆ ನಡೆಸುತ್ತಾರೆ. ಕಡೆಗೆ ಟವೆಲ್ಲಿನ ಮರೆಯಲ್ಲಿ ದಲ್ಲಾಳಿ ಬೆರಳು ಹಿಡಿದು ಬೆಲೆ ಕಟ್ಟುತ್ತಾನೆ. ಮೇಲೆ ಮಳೆ ಬೆಳೆಯ ಮಾತು, ಕೆಳಗೆ ಲಕ್ಷದ ಮಾತು. ಪಕ್ಕದಲ್ಲಿ ನಿಂತವನಿಗೆ ಮಳೆ ಬೆಳೆಯದ್ದು ಮಾತ್ರ ಕೇಳುತ್ತದೆ.

ಇಷ್ಟೆಲ್ಲ ಆದರೂ ಬೇಕಾದ ಒಂದು ಸಂಗತಿ ಕೈಗೆ ಸಿಕ್ಕಿರುವುದಿಲ್ಲ. ಜನ ಕೇಕೆ ಹಾಕುವಾಗ, ಪಟಾಕಿ ಸಿಡಿಯುವಾಗ, ಹೊಸ ಯಜಮಾನನ ಮಾತಿಗೆ ಅದು ಓಡುತ್ತದೆಯೋ ನಿಲ್ಲುತ್ತದೆಯೋ? ಅದನ್ನು ತಿಳಿಯಲು ಮುಂದಿನ ದೀಪಾವಳಿಯೇ ಬರಬೇಕು. ನಮ್ಮ ಹುಡುಗನ ಹೋರಿ ಬಂದ ಹೊಸತರಲ್ಲಿ ಅವರಜ್ಜಿಯೊಬ್ಬರನ್ನು ಬಿಟ್ಟು ಯಾರನ್ನೂ ಹತ್ತಿರ ಸೇರಿಸಲಿಲ್ಲ. ಇವನು ಹುರುಳಿ ಬೇಯಿಸಿದ, ಕೆರೆಗೆ ಇಳಿಸಿ ಈಜಿಸಿದ, ಕೊಟ್ಟಿಗೆಯಲ್ಲೇ ಹಾಸಿಕೊಂಡು ಮಲಗಿದ. ಗಣಿತದ ಪುಸ್ತಕವನ್ನು ಅಷ್ಟು ಹತ್ತಿರ ಇಟ್ಟುಕೊಂಡಿದ್ದರೆ ಈಗ ಎಲ್ಲೋ ಇರುತ್ತಿದ್ದ ಎಂದು ನನಗೆ ಅನ್ನಿಸಿದ್ದುಂಟು. ಆದರೆ ಅವನನ್ನು ಕಂಡು ಆ ಹೋರಿ ಕತ್ತು ಚಾಚುವುದನ್ನು ನೋಡಿದ ಮೇಲೆ ಹಾಗೆ ಅನ್ನಿಸುವುದು ನಿಂತಿತು.

"ನೀನೂ ಓಡಿಸಿ ನೋಡದೇ ತಂದ್ಯಲ್ಲೋ?" ಎಂದೆ.

"ಅದು ಬೇರೆ ಸಾರ್. ಅದರ ಅವ್ವನ್ನ ನೋಡಿದ್ದೆ."

"ಎಲ್ಲಿ?"

"ವಿಡಿಯೋದಲ್ಲಿ."

ನಗಬೇಕೆನಿಸಿತು, ಮಾತು ಮಾತ್ರ ತಲೆಯಲ್ಲಿ ಉಳಿಯಿತು. ಮ್ಯಾಂಡೊಲಿನ್ನಿನ ಅವ್ವ ಮರ. ಮರ ಬಲ್ಲವರು ಸೊರಬದಲ್ಲಿದ್ದಾರೆ. ತಲೆಮಾರುಗಳಿಂದ ಗಂಧದಲ್ಲಿ ದೇವರನ್ನೂ ಆನೆಯನ್ನೂ ಕೆತ್ತುತ್ತಾ ಬಂದ ಗುಡಿಗಾರರು. ಫೋನಿನಲ್ಲಿ ಫೋಟೋ ತುಂಬಿಕೊಂಡು ಬಸ್ಸು ಹತ್ತಿದೆ.

ದಾರಿಯಲ್ಲಿ ಶಿರಾಳಕೊಪ್ಪ, ಅದರ ಮಗ್ಗುಲಲ್ಲೇ ಬಳ್ಳಿಗಾವಿ. ನಮ್ಮ ಸೀಮೆಯ ಅತಿ ದೊಡ್ಡ ವಾದ್ಯಗಾರ ಅಲ್ಲಿಯವನೇ, ಅಲ್ಲಮ. ಹರಿಹರನ ರಗಳೆಯಲ್ಲೂ ಚಾಮರಸನ 'ಪ್ರಭುಲಿಂಗಲೀಲೆ'ಯಲ್ಲೂ ಅವನು ಮದ್ದಳೆ ನುಡಿಸುತ್ತಾನೆ. ಆ ಮದ್ದಳೆಯನ್ನು ಎಲ್ಲಿ ಕೊಂಡ, ಮೊದಲೇ ಬಾರಿಸಿ ನೋಡಿದನೇ ಎಂಬುದನ್ನು ಇಬ್ಬರು ಕವಿಗಳೂ ಹೇಳುವ ಗೋಜಿಗೆ ಹೋಗಿಲ್ಲ.

ಸೊರಬದಲ್ಲಿ ಗುಡಿಗಾರರ ಒಬ್ಬ ಹಿರಿಯರು ಕನ್ನಡಕ ಹಣೆಗೇರಿಸಿ ಫೋಟೋವನ್ನು ಬೆರಳಿನಿಂದ ಹಿಗ್ಗಿಸಿದರು. ಮ್ಯಾಂಡೊಲಿನ್ನಿನ ಸುರುಳಿ, ಹೊಳಪು, ಮುತ್ತಿನ ಚಿಪ್ಪಿನ ಕೆಲಸ ಯಾವುದನ್ನೂ ನೋಡಲಿಲ್ಲ. ಮೇಲಿನ ಹಲಗೆಯ ನಡುಗೆರೆಯ ಮೇಲೆ ಉಗುರಿಟ್ಟು, "ಒಂದೇ ಮರ. ಸೀಳಿ ಪುಸ್ತಕ ಬಿಡಿಸಿದ ಹಾಗೆ ಬಿಡಿಸಿ ಕೂಡಿಸಿದಾರೆ. ನೋಡಿ, ಈ ಕಡೆ ಎಳೆ ಹೇಗೆ ಹೋಗ್ತದೋ ಆ ಕಡೆನೂ ಹಾಗೇ" ಎಂದರು. ನಡುವೆ ಎಳೆ ಸಣ್ಣ, ಅಂಚಿಗೆ ಹೋದಂತೆ ಅಗಲ. ಫೋಟೋವನ್ನು ಅಷ್ಟು ದಿನದಿಂದ ನೋಡುತ್ತಿದ್ದ ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ.

"ಹಾಗಾದ್ರೆ ತಗೋಬಹುದಾ?"

"ಮರ ಚೆನ್ನಾಗಿದೆ, ಕೈ ಚೆನ್ನಾಗಿದೆ. ಮಿಕ್ಕಿದ್ದು ನಮ್ಮ ಒಂದು ಮಳೆಗಾಲ ಕಳೀಲಿ, ಆಮೇಲೆ ಹೇಳ್ತೀನಿ."

ಅದು ದೊಡ್ಡ ಮಾತು. ಮ್ಯಾಂಡೊಲಿನ್ನಿನ ತಂತಿ ಹೊರುವ ಕುದುರೆಯನ್ನು ಅಂಟು ಹಾಕಿ ಕೂರಿಸಿರುವುದಿಲ್ಲ. ಎಂಟು ತಂತಿಗಳ ಒತ್ತಡದಲ್ಲೇ ಅದು ನಿಂತಿರುತ್ತದೆ. ಸಾಗಣೆಯಲ್ಲಿ ತಂತಿ ಸಡಿಲಿಸಿದರೆ ಜಾರುತ್ತದೆ, ಬಂದ ಮೇಲೆ ಮತ್ತೆ ಅಳೆದು ಕೂರಿಸಬೇಕು. ಮಲೆನಾಡಿನ ಆಷಾಢದಲ್ಲಿ ಮರ ತೇವ ಹೀರಿ ಉಬ್ಬುತ್ತದೆ, ತಂತಿಯ ಎತ್ತರ ಬದಲಾಗುತ್ತದೆ. ಬೇಸಗೆಯಲ್ಲಿ ಒಣಗಿ ಇನ್ನೊಂದು ಥರ. ಬೆಂಗಳೂರಿನ ಏಸಿ ಅಂಗಡಿಯಲ್ಲಿ ಹತ್ತು ನಿಮಿಷ ನುಡಿಸಿದವನು ಕೇಳಿದ್ದು ಆ ಕೋಣೆಯ, ಆ ದಿನದ ನಾದವನ್ನು. ಅದನ್ನೇ ಗ್ಯಾರಂಟಿ ಎಂದುಕೊಂಡು ಎದೆ ತಟ್ಟಿಕೊಂಡು ಹೊರಬರುವವರನ್ನು ಕಂಡರೆ ನನಗೆ ಸಣ್ಣ ಹೊಟ್ಟೆಕಿಚ್ಚು, ನಂಬಿಕೆಯಿಲ್ಲ.

ಮ್ಯಾಂಡೊಲಿನ್‌ನಿಂದ ಹೆಸರಾದವರೆಲ್ಲ ಆರಿಸಿ ಕೊಂಡವರೂ ಅಲ್ಲ. ಯು. ಶ್ರೀನಿವಾಸ್ ಆರು ವರ್ಷದ ಹುಡುಗನಾಗಿ ಎತ್ತಿಕೊಂಡದ್ದು ಮನೆಯಲ್ಲಿ ಬಿದ್ದಿದ್ದ ಅಪ್ಪನ ಮ್ಯಾಂಡೊಲಿನ್. ಅದರ ಜೋಡಿ ತಂತಿಗಳಲ್ಲಿ ಗಮಕ ಸರಿಬರಲಿಲ್ಲವೆಂದು ಮುಂದೆ ಐದು ಒಂಟಿ ತಂತಿಯ ಎಲೆಕ್ಟ್ರಿಕ್ ವಾದ್ಯ ಮಾಡಿಕೊಂಡರು. ಅಮೆರಿಕದ ಬ್ಲೂಗ್ರಾಸ್ ಸಂಗೀತದ ಬಿಲ್ ಮನ್ರೋ 1923ರ ಗಿಬ್ಸನ್ ಎಫ್-5 ಒಂದನ್ನು 1940ರ ದಶಕದಲ್ಲಿ ಮಿಯಾಮಿಯ ಕ್ಷೌರದಂಗಡಿಯ ಕಿಟಕಿಯಲ್ಲಿ ಕಂಡು 150 ಡಾಲರಿಗೆ ಕೊಂಡ. 1985ರಲ್ಲಿ ಯಾರೋ ಮನೆಗೆ ನುಗ್ಗಿ ಅದನ್ನು ಸಲಾಕೆಯಿಂದ ಬಡಿದು ಚೂರು ಮಾಡಿದರು. ಗಿಬ್ಸನ್ ಕಂಪನಿಯಲ್ಲಿ ಚೂರು ಕೂಡಿಸಿ ಕೊಟ್ಟರು, ಮತ್ತೆ ಅದನ್ನೇ ನುಡಿಸಿದ. ಕೊಳ್ಳುವ ದಿನದ ಪರೀಕ್ಷೆ ಇವರಿಬ್ಬರ ಕಥೆಯಲ್ಲಿ ಎಷ್ಟು ಸಣ್ಣದು!

ಹಾಗೆಂದು ಕಣ್ಣು ಮುಚ್ಚಿ ದುಡ್ಡು ಕಳಿಸುವವನೂ ನಾನಲ್ಲ. ಆಮೇಲೆ ಸರಿಪಡಿಸಲು ಬರುವಂಥದ್ದನ್ನು ಪಟ್ಟಿಯಿಂದ ಹೊಡೆದುಹಾಕಿದೆ: ತಂತಿ, ಕುದುರೆ, ಎತ್ತರ. ಬರದಿರುವುದು ಎರಡು. ಒಂದು ಮರ, ಅದಕ್ಕೆ ಸೊರಬದ ಸಾಕ್ಷಿ ಸಿಕ್ಕಿತು. ಇನ್ನೊಂದು ಕತ್ತಿನ ಅಗಲ. ನನ್ನ ಬೆರಳು ದಪ್ಪ. 28 ಮಿಲಿಮೀಟರಿಗೆ ತಿಣುಕುತ್ತವೆ, 30 ಇದ್ದರೆ ಸಲೀಸು. ಅಳತೆ ಕೇಳಿ, ನಾಲ್ಕೂ ಜೋಡಿ ತಂತಿಗಳನ್ನು ಒಂದೊಂದಾಗಿ ಮೀಟಿ, ನಾದ ತಾನಾಗಿ ಆರುವತನಕ ಕೈ ತಡೆಯದೆ ಕೇಳಿಸಿ ಎಂದು ಅದನ್ನು ಮಾಡುವಾತನಿಗೆ ಬರೆದೆ.

ಎರಡಕ್ಕೂ ಉತ್ತರ ಬಂತು. ಕತ್ತು 30. ನಾದ ನಾನು ಎಣಿಸಿದ್ದಕ್ಕಿಂತ ಹೆಚ್ಚು ಹೊತ್ತು ನಿಂತಿತು. ಮುಂಗಡ ಎಷ್ಟು ಎಂದು ಕೇಳಿದೆ. ಮುಂಗಡದ ಮಾತು ಆಮೇಲೆ ಎಂದ ಪುಣ್ಯಾತ್ಮ. ಕೈ ಭಾರವೋ ಹಗುರವೋ ತಿಳಿಯದೆ ತನ್ನ ವಾದ್ಯವನ್ನು ಯಾರಿಗೂ ಕೊಡುವುದಿಲ್ಲವಂತೆ. ನಾನು ನುಡಿಸಿದ್ದನ್ನು ರೆಕಾರ್ಡು ಮಾಡಿ ಕಳಿಸಬೇಕಂತೆ. ಹಳೆಯ ಮ್ಯಾಂಡೊಲಿನ್‌ಗೆ ಹೊಸ ತಂತಿ ಹಾಕಿ ಒಂದು ವಾರವಾಯಿತು, ಇನ್ನೂ ಕಳಿಸಿಲ್ಲ.